ಹತ್ತನೇ ನಿಮಿಷಕ್ಕೆ ಕೊಟ್ಟ ಮೊಬೈಲ್

ಪ್ರಶ್ನೆ: ಮಗನಿಗೆ ಮೂರೂವರೆ ವರ್ಷ. ಕೈಯಿಂದ ಮೊಬೈಲ್ ತಗೊಂಡರೆ ಸಾಕು, ನೆಲಕ್ಕೆ ಬಿದ್ದು ಹೊರಳಾಡುತ್ತಾನೆ, ಬಾಗಿಲು ಒದೆಯುತ್ತಾನೆ. ಬೈದೆ, ಮುದ್ದು ಮಾಡಿದೆ, ಒಂದು ದಿನ ಎರಡು ಏಟೂ ಕೊಟ್ಟು ಆಮೇಲೆ ನಾನೇ ಅತ್ತೆ. ಹತ್ತು ನಿಮಿಷ ಗಟ್ಟಿಯಾಗಿ ಇರುತ್ತೇನೆ. ಅಷ್ಟರಲ್ಲಿ ತಲೆ ಸಿಡಿಯುತ್ತದೆ, ‘ತಗೋ, ಇದೇ ಕೊನೆ’ ಅಂತ ಕೊಟ್ಟುಬಿಡುತ್ತೇನೆ. ಹಟ ಜಾಸ್ತಿಯಾಗುತ್ತಲೇ ಇದೆ. ಅವನ ಸ್ವಭಾವವೇ ಹೀಗಾ?

ಉತ್ತರ: ಸ್ವಭಾವದ ಮಾತು ಸದ್ಯಕ್ಕೆ ಪಕ್ಕಕ್ಕಿರಲಿ. ನಿಮ್ಮ ಪತ್ರದಲ್ಲಿ ನಾನು ಗೆರೆ ಎಳೆದಿದ್ದು ‘ಹತ್ತು ನಿಮಿಷ’ ಅನ್ನುವ ಕಡೆ. ಅವನ ಜಾಗದಲ್ಲಿ ಕೂತು ನೋಡಿ. ಎರಡು ನಿಮಿಷ ಅತ್ತರೆ ಸಿಗಲಿಲ್ಲ, ಐದಕ್ಕೂ ಸಿಗಲಿಲ್ಲ, ಹತ್ತಕ್ಕೆ ಸಿಕ್ಕಿತು. ನಾಳೆ ಎಷ್ಟು ಹೊತ್ತು ಅಳಬೇಕು ಅಂತ ಅವನಿಗೆ ಗೊತ್ತಾಯಿತಲ್ವಾ?

ಅಮೆರಿಕದ ಮನಶ್ಶಾಸ್ತ್ರಜ್ಞ ಬಿ.ಎಫ್. ಸ್ಕಿನ್ನರ್ ಇಲಿ, ಪಾರಿವಾಳಗಳಲ್ಲಿ ಇದನ್ನೇ ಕಂಡರು. ಬಟನ್ ಕುಕ್ಕಿದ ಪ್ರತಿ ಸಲವೂ ಕಾಳು ಸಿಗುತ್ತಿದ್ದ ಪಾರಿವಾಳ, ಕಾಳು ನಿಂತ ಮೇಲೆ ಕುಕ್ಕುವುದನ್ನು ಬೇಗ ಬಿಡುತ್ತದೆ. ಆಗೊಮ್ಮೆ ಈಗೊಮ್ಮೆ ಸಿಗುತ್ತಿದ್ದದ್ದು ಮಾತ್ರ ಬಹಳ ಹೊತ್ತು ಕುಕ್ಕುತ್ತಲೇ ಇರುತ್ತದೆ. ನೀವು ದಿನಾ ತಕ್ಷಣ ಕೊಟ್ಟಿದ್ದರೆ ಹಟ ಇಷ್ಟು ಗಟ್ಟಿಯಾಗುತ್ತಿರಲಿಲ್ಲ. ಕೇಳಲು ವಿಚಿತ್ರ, ಆದರೆ ನಿಜ.

ಇನ್ನೊಂದು ವಿಷಯ. ಮೊಬೈಲ್ ಕೊಟ್ಟ ತಕ್ಷಣ ಅಳು ನಿಲ್ಲುತ್ತದೆ. ನಿಮಗೆ ಹಾಯೆನಿಸುತ್ತದೆ. ಅದು ನಿಮಗೆ ಸಿಕ್ಕ ಬಹುಮಾನ. ನೀವು ಅವನಿಗೆ ಕಲಿಸುವಾಗ ಅವನೂ ನಿಮಗೆ ಕಲಿಸುತ್ತಿದ್ದಾನೆ!

ನನ್ನದೂ ಒಂದು ಕಥೆ ಇದೆ. ಮಗಳಿಗೆ ಆಗ ನಾಲ್ಕು. ಲಿಫ್ಟ್ ಬಟನ್ ಯಾವಾಗಲೂ ಅವಳೇ ಒತ್ತಬೇಕು. ಒಂದು ಸಂಜೆ ಪಕ್ಕದ ಮನೆಯವರು ಒತ್ತಿಬಿಟ್ಟರು. ನಮ್ಮ ಮಹಡಿ ಬಂದರೂ ಅವಳು ಲಿಫ್ಟ್‌ನ ನೆಲದಲ್ಲೇ ಕೂತು ಚೀರಿದಳು. ಊರಿಗೆಲ್ಲ ಬುದ್ಧಿ ಹೇಳುವ ನಾನು ನಾಚಿಕೆಗೆ ಬೆವತು, ಮತ್ತೆ ಕೆಳಗೆ ಕರೆದುಕೊಂಡು ಹೋಗಿ ಬಟನ್ ಒತ್ತಿಸಿದೆ. ಆಮೇಲೆ ಮೂರು ವಾರ ನಾವಿಬ್ಬರೂ ಲಿಫ್ಟ್‌ನಲ್ಲಿ ಎರಡೆರಡು ಸಲ ಓಡಾಡಿದೆವು.

ಈಗ ಏನು ಮಾಡುವುದು? ಮೊದಲು, ಮೊಬೈಲ್ ಕಿತ್ತುಕೊಳ್ಳುವ ಗಳಿಗೆ ಬದಲಾಗಲಿ. ವಿಡಿಯೋ ಅರ್ಧದಲ್ಲಿದ್ದಾಗ ತಗೊಂಡರೆ ದೊಡ್ಡವರಿಗೂ ಸಿಟ್ಟು ಬರುತ್ತದೆ. ‘ಇದು ಮುಗಿದ ಮೇಲೆ ಬಂದ್’ ಅಂತ ಮುಂಚೆಯೇ ಹೇಳಿ. ಮುಗಿದಾಗ ‘ನೀನು ಆಫ್ ಮಾಡ್ತೀಯಾ, ನಾನು ಮಾಡಲಾ?’ ಅಂತ ಕೇಳಿ. ಅವನೇ ಮಾಡಿದ ದಿನ ಸುಮ್ನೆ ‘ಗುಡ್ ಬಾಯ್’ ಅಂದರೆ ಸಾಲದು. ‘ಹೇಳಿದ ತಕ್ಷಣ ಆಫ್ ಮಾಡಿದೆಯಲ್ಲ’ ಅನ್ನಿ, ಯಾವ ಕೆಲಸಕ್ಕೆ ಹೊಗಳಿಕೆ ಅಂತ ಗೊತ್ತಾಗಲಿ. ಕೊಡಬೇಕು ಅನ್ನಿಸಿದರೆ ಅಳು ಶುರುವಾಗುವ ಮೊದಲೇ ಕೊಡಿ. ಶುರುವಾದ ಮೇಲೆ ಇಲ್ಲ ಅಂದರೆ ಇಲ್ಲ.

ಅಳುವಾಗ ಬುದ್ಧಿಮಾತು ಬೇಡ, ಅದು ಕಿವಿಗೆ ಹೋಗುವುದಿಲ್ಲ. ‘ಸಿಟ್ಟು ಬಂದಿದೆ, ಗೊತ್ತು’ ಅಂತ ಒಂದು ಸಲ ಹೇಳಿ, ಅವನ ಕಣ್ಣಿಗೆ ಕಾಣುವ ಹಾಗೆ ಕೂತು ಬಟ್ಟೆ ಮಡಚಿ. ಅಲಕ್ಷ್ಯ ಮಾಡಬೇಕಾದ್ದು ಅಳುವನ್ನು, ಮಗುವನ್ನಲ್ಲ. ಅವನನ್ನು ರೂಮಿಗೆ ಹಾಕಿ ಬಾಗಿಲು ಹಾಕುವುದನ್ನು ನಾನು ಒಪ್ಪುವುದಿಲ್ಲ. ಕಾಲಿಗೆ ಪೆಟ್ಟಾಗುವ ಹಾಗೆ ಒದೆಯುತ್ತಿದ್ದರೆ ಮಾತಾಡದೆ ಎತ್ತಿ ಬಾಗಿಲಿನಿಂದ ದೂರ ಕೂರಿಸಿ. ಹಸಿವು, ನಿದ್ದೆ, ಜ್ವರ ಇದ್ದರೆ ಇದ್ಯಾವುದೂ ಲೆಕ್ಕಕ್ಕಿಲ್ಲ, ಮೊದಲು ಅದನ್ನು ನೋಡಿ.

ಮೊದಲ ಕೆಲವು ದಿನ ಅಳು ಇನ್ನೂ ಜೋರಾಗಬಹುದು. ಹಳೇ ಉಪಾಯ ಕೆಲಸ ಮಾಡದಿದ್ದಾಗ ಮಗು ಅದನ್ನೇ ಜೋರಾಗಿ ಮಾಡಿ ನೋಡುತ್ತದೆ. ಹೆಚ್ಚಿನವರು ಸೋಲುವುದು ಅಲ್ಲೇ.

ಮನೆಯಲ್ಲಿ ಉಳಿದವರ ಜೊತೆ ಇವತ್ತೇ ಮಾತಾಡಿ. 1959ರಲ್ಲಿ ಸಿ.ಡಿ. ವಿಲಿಯಮ್ಸ್ ಎಂಬುವರು 21 ತಿಂಗಳ ಒಂದು ಗಂಡು ಮಗುವಿನ ಬಗ್ಗೆ ಬರೆದರು. ಮಗುವಿಗೆ ನಿದ್ದೆ ಬರುವ ತನಕ ದೊಡ್ಡವರು ಪಕ್ಕದಲ್ಲೇ ಇರಬೇಕು, ಓದಲು ಪುಸ್ತಕ ತೆಗೆದರೂ ಅಳು. ಮಗು ಆರೋಗ್ಯವಾಗಿದೆ ಅಂತ ಖಚಿತ ಮಾಡಿಕೊಂಡು, ಪ್ರೀತಿಯಿಂದ ಮಲಗಿಸಿ ಹೊರಗೆ ಬರತೊಡಗಿದರು. ಮೊದಲ ಸಲ 45 ನಿಮಿಷ ಅತ್ತಿತು. ಹತ್ತನೇ ಸಲಕ್ಕೆ ನಗುತ್ತಾ ಮಲಗಿತು. ಸುಮಾರು ಒಂದು ವಾರದ ಮೇಲೆ ಚಿಕ್ಕಮ್ಮನೋ ಅತ್ತೆಯೋ ಒಬ್ಬರು ಮಲಗಿಸಿದರು. ಸ್ವಲ್ಪ ಅತ್ತಿತು, ಪಾಪ ಅಂತ ಅವರು ವಾಪಸ್ ಹೋಗಿ ಕೂತರು. ಅಲ್ಲಿಗೆ ಮತ್ತೆ ಮೊದಲಿಂದ ಶುರು. ಎರಡನೇ ಸಲ ಯಾರೂ ಮಧ್ಯೆ ಬರಲಿಲ್ಲ, ಅಳು ನಿಂತೇ ಹೋಯಿತು. ನಿಮ್ಮ ಮನೆಯಲ್ಲಿ ಆ ‘ಪಾಪ’ ಅನ್ನುವವರು ಯಾರು?

ಪ್ರಶ್ನೆ: ಮಗಳಿಗೆ ಐದು. ಹಲ್ಲುಜ್ಜಿದರೆ ಒಂದು ಸ್ಟಾರ್ ಅಂಟಿಸುತ್ತೇವೆ, ಚೆನ್ನಾಗಿ ನಡೆದಿದೆ. ಚಿತ್ರ ಬರೆಯುವುದಕ್ಕೂ ಸ್ಟಾರ್ ಕೊಡಬಹುದಾ? ಅವಳಿಗೆ ಅದು ತುಂಬಾ ಇಷ್ಟ.

ಉತ್ತರ: ಇಷ್ಟ ಅಂದಿರಲ್ಲ, ಹಾಗಾದರೆ ಬೇಡ. 1973ರಲ್ಲಿ ಲೆಪರ್, ಗ್ರೀನ್, ನಿಸ್ಬೆಟ್ ಎಂಬ ಮೂವರು ಮನಶ್ಶಾಸ್ತ್ರಜ್ಞರು ಚಿತ್ರ ಬರೆಯುವ ಹುಚ್ಚಿದ್ದ ನರ್ಸರಿ ಮಕ್ಕಳಿಗೆ ‘ಬರೆದರೆ ಪ್ರಶಸ್ತಿ’ ಅಂತ ಮೊದಲೇ ಹೇಳಿ ಕೊಟ್ಟರು. ಒಂದೆರಡು ವಾರದ ಮೇಲೆ ಆ ಮಕ್ಕಳು ಬಣ್ಣದ ಪೆನ್ನು ಹಿಡಿಯುವುದೇ ಕಡಿಮೆಯಾಗಿತ್ತು. ಪ್ರಶಸ್ತಿಯ ಮಾತೇ ಕೇಳದಿದ್ದ ಮಕ್ಕಳು ಎಂದಿನಂತೆ ಬರೆಯುತ್ತಿದ್ದರು. ಹಲ್ಲುಜ್ಜಲು ಯಾರಿಗೂ ಹುಚ್ಚಿಲ್ಲ, ಅಲ್ಲಿ ಸ್ಟಾರ್ ಇರಲಿ. ಅಭ್ಯಾಸವಾದ ಮೇಲೆ ಎರಡು ದಿನಕ್ಕೊಂದು, ವಾರಕ್ಕೊಂದು ಅಂತ ಕಡಿಮೆ ಮಾಡಿ. ಚಿತ್ರ ತಂದು ತೋರಿಸಿದಾಗ ‘ಈ ಬೆಕ್ಕಿಗೆ ಯಾಕೆ ಐದು ಕಾಲು?’ ಅಂತ ಕೇಳಿ.

ಪ್ರಶ್ನೆ: ಬ್ಲಾಕ್ ಎತ್ತಿಡದಿದ್ದರೆ ಕಥೆ ಹೇಳಲ್ಲ ಅಂದರೆ ಮಗ ‘ಬೇಡ ಹೋಗು’ ಅನ್ನುತ್ತಾನೆ.

ಉತ್ತರ: ಮಾತು ತಿರುಗಿಸಿ: ‘ಬ್ಲಾಕ್ ಡಬ್ಬಿಗೆ ಹೋದ ತಕ್ಷಣ ಕಥೆ.’ ಆಗಬೇಕಾದ ಕೆಲಸದ ಹಿಂದೆ ಮಗುವಿಗೆ ಇಷ್ಟದ ಕೆಲಸ ಇಡುವ ಈ ಉಪಾಯಕ್ಕೆ ಡೇವಿಡ್ ಪ್ರೆಮ್ಯಾಕ್ ಎಂಬ ಮನಶ್ಶಾಸ್ತ್ರಜ್ಞರ ಹೆಸರಿದೆ. ಇದನ್ನು ಅಜ್ಜಿಯ ನಿಯಮ ಅಂತಲೂ ಕರೆಯುತ್ತಾರೆ, ಅಜ್ಜಿಯರಿಗೆ ಮೊದಲೇ ಗೊತ್ತಿತ್ತಲ್ಲ! ಮೊದಲ ನಾಲ್ಕೈದು ಬ್ಲಾಕ್ ನೀವೂ ಎತ್ತಿ ಹಾಕಿ. ಕಥೆಪುಸ್ತಕ ಡಬ್ಬಿಯ ಪಕ್ಕದಲ್ಲೇ ಇರಲಿ.