ಈಸ್ಟರ್ ಹಬ್ಬಕ್ಕೆ ನಿಶ್ಚಿತ ತಾರೀಕು ಏಕಿಲ್ಲ?

ಪ್ರಶ್ನೆ: ನಮ್ಮ ಮನೆ ಬೇಳದ ಇಗರ್ಜಿಯ (ಚರ್ಚಿನ) ಸಮೀಪದಲ್ಲಿದೆ. ಕ್ರಿಸ್ಮಸ್ ಪ್ರತಿವರ್ಷ ಡಿಸೆಂಬರ್ 25ಕ್ಕೇ ಬರುತ್ತದೆ. ಈಸ್ಟರ್ ಮಾತ್ರ 2024ರಲ್ಲಿ ಮಾರ್ಚ್ 31ಕ್ಕೆ, 2025ರಲ್ಲಿ ಏಪ್ರಿಲ್ 20ಕ್ಕೆ ಬಂತು. ಇದಕ್ಕೆ ಕಾರಣವೇನು? ರಾಜಪುರಂ ಕಡೆಯ ನನ್ನ ಸಹೋದ್ಯೋಗಿಯ ಮನೆಯಲ್ಲಿ ಅದಕ್ಕೆ ಮೊದಲಿನ ಗುರುವಾರ ರಾತ್ರಿ ಅಪ್ಪ ಮಾಡಿ ಹಂಚುತ್ತಾರೆ. ನಮ್ಮ ನೆರೆಹೊರೆಯ ಕೊಂಕಣಿ ಕ್ರೈಸ್ತರಲ್ಲಿ ಆ ಕ್ರಮವನ್ನು ಕಂಡಿಲ್ಲ. ಮೊಟ್ಟೆಗೂ ಈ ಹಬ್ಬಕ್ಕೂ ಏನು ಸಂಬಂಧ? ನೆರೆಯವರಿಗೆ ಶುಭಾಶಯವನ್ನು ಯಾವ ದಿನ ಹೇಳಬೇಕು?
– ಓದುಗರೊಬ್ಬರು, ಕಾಸರಗೋಡು ಜಿಲ್ಲೆ

ಉತ್ತರ: ಹಬ್ಬದ ತಾರೀಕು, ಗುರುವಾರದ ಅಪ್ಪ ಎರಡಕ್ಕೂ ಉತ್ತರ ಒಂದೇ ಕಡೆ ಇದೆ, ಅದು ಯೆಹೂದ್ಯರ ಪಾಸ್ಖ ಹಬ್ಬ. ಐಗುಪ್ತ (ಈಜಿಪ್ಟ್) ದೇಶದಲ್ಲಿ ದಾಸರಾಗಿದ್ದ ಇಸ್ರಾಯೇಲರು ಬಿಡುಗಡೆ ಹೊಂದಿ ಹೊರಟ ರಾತ್ರಿಯ ಸ್ಮರಣೆಯೇ ಪಾಸ್ಖ. ಅದು ಅವರ ನಿಸಾನ್ ತಿಂಗಳ ಹುಣ್ಣಿಮೆಯ ಹೊತ್ತಿಗೆ ಬರುತ್ತದೆ. ಯೇಸುವನ್ನು ಶಿಲುಬೆಗೇರಿಸಿದ್ದು ಈ ಹಬ್ಬದ ದಿನಗಳಲ್ಲೇ ಎಂದೂ, ವಾರದ ಮೊದಲ ದಿನ ನಸುಕಿನಲ್ಲಿ ಸಮಾಧಿಯ ಬಳಿಗೆ ಹೋದ ಸ್ತ್ರೀಯರಿಗೆ ಅದು ಬರಿದಾಗಿ ಕಂಡಿತೆಂದೂ ಬೈಬಲಿನ ಸುವಾರ್ತೆಗಳು ಹೇಳುತ್ತವೆ. ಯೇಸು ಸಾವಿನಿಂದ ಎದ್ದುಬಂದ ಈ ಪುನರುತ್ಥಾನದ ಸ್ಮರಣೆಯೇ ಈಸ್ಟರ್. ಹೀಗೆ ಹುಣ್ಣಿಮೆ ಮತ್ತು ಭಾನುವಾರ ಎರಡೂ ಈ ಹಬ್ಬಕ್ಕೆ ಹುಟ್ಟಿನಿಂದಲೇ ಅಂಟಿಕೊಂಡವು.

ಎರಡನೆಯ ಶತಮಾನದಲ್ಲಿ ಇದರ ಬಗ್ಗೆ ದೊಡ್ಡ ಚರ್ಚೆಯೇ ನಡೆಯಿತು. ಏಷ್ಯಾ ಮೈನರಿನ (ಇಂದಿನ ಟರ್ಕಿಯ) ಕ್ರೈಸ್ತರು ವಾರ ಯಾವುದಾದರೂ ಸರಿ, ನಿಸಾನ್ ತಿಂಗಳ 14ನೆಯ ದಿನವೇ ಆಗಬೇಕೆಂದರು. ರೋಮಿನವರು ಭಾನುವಾರವೇ ಆಗಬೇಕೆಂದರು. ಎಲ್ಲರೂ ಒಂದೇ ಭಾನುವಾರ ಆಚರಿಸಬೇಕೆಂದು 325ರಲ್ಲಿ ಸೇರಿದ ಬಿಷಪರ ನಿಸಿಯಾ ಮಹಾಸಭೆ ತೀರ್ಮಾನಿಸಿತು. ಮುಂದೆ ನೆಲೆಗೊಂಡ ಲೆಕ್ಕದ ಪ್ರಕಾರ ಮಾರ್ಚ್ 21ರಂದು ಅಥವಾ ಆ ಬಳಿಕ ಬರುವ ಹುಣ್ಣಿಮೆಯ ನಂತರದ ಭಾನುವಾರವೇ ಈಸ್ಟರ್. ಬಿಸುವನ್ನು ಸೌರಮಾನದಿಂದಲೂ ಯುಗಾದಿಯನ್ನು ಚಾಂದ್ರಮಾನದಿಂದಲೂ ಎಣಿಸುವ ನಮ್ಮ ಗಡಿನಾಡಿನವರಿಗೆ ಇದು ಕಷ್ಟದ ಲೆಕ್ಕವಲ್ಲ. ಈಸ್ಟರ್ ಸೂರ್ಯ, ಚಂದ್ರ, ವಾರ ಮೂರನ್ನೂ ಕೂಡಿಸಿಕೊಳ್ಳುತ್ತದೆ, ಅಷ್ಟೆ. 2025ರಲ್ಲಿ ಲೆಕ್ಕದ ಹುಣ್ಣಿಮೆ ಏಪ್ರಿಲ್ 13ರ ಭಾನುವಾರವೇ ಬಿದ್ದುದರಿಂದ ಹಬ್ಬ ಮುಂದಿನ ವಾರಕ್ಕೆ ಹೋಯಿತು. ಮಾರ್ಚ್ 22ಕ್ಕಿಂತ ಮೊದಲು, ಏಪ್ರಿಲ್ 25ರ ಅನಂತರ ಇದು ಬರುವುದಿಲ್ಲ. ಹಳೆಯ ಜೂಲಿಯನ್ ಪಂಚಾಂಗದಂತೆ ಎಣಿಸುವ ಗ್ರೀಸ್, ರಷ್ಯಾ ಮುಂತಾದ ದೇಶಗಳ ಆರ್ಥೊಡಾಕ್ಸ್ ಸಭೆಗಳಿಗೆ ಬಹುತೇಕ ವರ್ಷಗಳಲ್ಲಿ ಹಬ್ಬ ತಡವಾಗಿ ಬರುತ್ತದೆ.

ಇನ್ನು ರಾಜಪುರಂನ ಅಪ್ಪದ ವಿಷಯ. ನಿಮ್ಮ ಸಹೋದ್ಯೋಗಿಯ ಮನೆಯವರು ಬಹುಶಃ ತಿರುವಾಂಕೂರಿನಿಂದ ವಲಸೆ ಬಂದ ಸುರಿಯಾನಿ ಕ್ರೈಸ್ತರಿರಬೇಕು. ಅವರಲ್ಲೇ ಒಂದು ಪಂಗಡವಾದ ಕ್ನಾನಾಯ ಕುಟುಂಬಗಳು ರಾಜಪುರಂನಲ್ಲಿ ನೆಲೆಯೂರಿದ್ದು 1943ರಲ್ಲಿ. ಅಪರೂಪಕ್ಕೆಂಬಂತೆ ಆ ವರ್ಷದ ಈಸ್ಟರ್ ಬಿದ್ದದ್ದು ಏಪ್ರಿಲ್ 25ಕ್ಕೆ. ಅವರು ಮಾಡುವುದು ಪೆಸಹಾ ಅಪ್ಪ, ಅಂದರೆ ಪಾಸ್ಖದ ಅಪ್ಪ. ಐಗುಪ್ತದಿಂದ ಹೊರಡುವ ಅವಸರದಲ್ಲಿ ಹಿಟ್ಟು ಹುಳಿಯಲು ಸಮಯವಿರಲಿಲ್ಲ ಎಂಬ ನೆನಪಿಗಾಗಿ ಅಕ್ಕಿ ಮತ್ತು ಉದ್ದಿನ ಹಿಟ್ಟನ್ನು ಹುಳಿ ಬರಿಸದೆ ಹಬೆಯಲ್ಲಿ ಬೇಯಿಸುತ್ತಾರೆ. ಈಸ್ಟರಿಗೆ ಹಿಂದಿನ ಗರಿಗಳ ಭಾನುವಾರ ಇಗರ್ಜಿಯಿಂದ ತಂದ ತೆಂಗಿನ ಎಳೆಗರಿಯನ್ನು ಶಿಲುಬೆಯಾಕಾರದಲ್ಲಿ ಅದರ ಮೇಲಿಡುತ್ತಾರೆ. ರಾತ್ರಿ ಪ್ರಾರ್ಥನೆಯಾದ ಮೇಲೆ ಮನೆಯ ಹಿರಿಯರು ಅಪ್ಪವನ್ನು ಮುರಿದು, ತೆಂಗಿನ ಹಾಲು ಮತ್ತು ಬೆಲ್ಲದಿಂದ ಮಾಡಿದ ಪೆಸಹಾ ಹಾಲಿನೊಂದಿಗೆ ವಯಸ್ಸಿನ ಕ್ರಮದಲ್ಲಿ ಹಂಚುತ್ತಾರೆ. ಆಯಾ ವರ್ಷ ಸಾವು ಸಂಭವಿಸಿದ ಮನೆಯಲ್ಲಿ ಅಪ್ಪ ಮಾಡುವಂತಿಲ್ಲ, ನೆರೆಯವರೇ ತಂದುಕೊಡುತ್ತಾರೆ. ಯಾವ ಶಾಸ್ತ್ರಗ್ರಂಥದ ವಿವರಣೆಗಿಂತಲೂ ಈ ಒಂದು ನಡವಳಿಕೆ ನನಗೆ ಹೆಚ್ಚು ಅರ್ಥಪೂರ್ಣವಾಗಿ ತೋರುತ್ತದೆ.

1890ರಲ್ಲಿ ಸ್ಥಾಪನೆಯಾದ ಬೇಳದ ವ್ಯಾಕುಲ ಮಾತೆಯ ಇಗರ್ಜಿ ಮಂಗಳೂರು ಧರ್ಮಪ್ರಾಂತ್ಯಕ್ಕೆ ಸೇರಿದ್ದು. ಅಲ್ಲಿಯದು ಲತೀನ್ ಸಂಪ್ರದಾಯ, ಅಂದರೆ ರೋಮಿನ ಪೂಜಾವಿಧಿ. ಆ ಸಂಪ್ರದಾಯದಲ್ಲಿ ಪಾಸ್ಖದ ನೆನಪು ಮನೆಯೂಟಕ್ಕಿಂತ ಹೆಚ್ಚಾಗಿ ಶನಿವಾರ ರಾತ್ರಿಯ ಜಾಗರಣೆಯಲ್ಲಿ ಉಳಿದಿದೆ. ಇಗರ್ಜಿಯ ದೀಪಗಳನ್ನೆಲ್ಲ ಆರಿಸಿ, ಹೊರಗೆ ಹೊಸ ಬೆಂಕಿ ಹೊತ್ತಿಸಿ, ಅದರಿಂದ ದೊಡ್ಡ ಪಾಸ್ಖ ಮೇಣದ ಬತ್ತಿಯನ್ನು ಬೆಳಗುತ್ತಾರೆ. ಬತ್ತಿಯ ಮೇಲೆ ಶಿಲುಬೆ, ಗ್ರೀಕ್ ಅಕ್ಷರಮಾಲೆಯ ಮೊದಲ ಮತ್ತು ಕೊನೆಯ ಅಕ್ಷರ, ಆ ವರ್ಷದ ನಾಲ್ಕು ಅಂಕಿಗಳು ಇರುತ್ತವೆ. ಯೇಸುವಿನ ಐದು ಗಾಯಗಳ ಗುರುತಾಗಿ ಐದು ಧೂಪದ ಹರಳುಗಳನ್ನು ಚುಚ್ಚುವುದುಂಟು. ಆ ಒಂದು ಬತ್ತಿಯಿಂದ ಭಕ್ತರೆಲ್ಲರೂ ಕೈಯಲ್ಲಿರುವ ಚಿಕ್ಕ ಬತ್ತಿಗಳನ್ನು ಹೊತ್ತಿಸಿಕೊಳ್ಳುತ್ತಾರೆ. ಬಳಿಕ ನಡೆಯುವ ಬೈಬಲ್ ವಾಚನಗಳಲ್ಲಿ ಇಸ್ರಾಯೇಲರು ಕೆಂಪು ಸಮುದ್ರ ದಾಟಿದ ಭಾಗವನ್ನು ಎಂದಿಗೂ ಬಿಡುವಂತಿಲ್ಲ. ಗುರುವಾರದಿಂದ ಮೌನವಾಗಿದ್ದ ಗಂಟೆಗಳು ಮತ್ತೆ ಮೊಳಗುವುದು ಈ ರಾತ್ರಿಯ ಪೂಜೆಯಲ್ಲೇ. ಮರುದಿನ ಮನೆಗಳಲ್ಲಿ ‘ಸಣ್ಣ’ ಎಂಬ ಹಬೆಯಲ್ಲಿ ಬೇಯಿಸಿದ ಅಕ್ಕಿ ತಿನಿಸು, ‘ಬಫಾತ್’ ಎಂಬ ಮಸಾಲೆ ಮಾಂಸದ ಪದಾರ್ಥ ಇವುಗಳ ಊಟ.

ಮೊಟ್ಟೆಯ ಕಥೆ ಯುರೋಪಿನದು. ಮಧ್ಯಯುಗದಲ್ಲಿ ಈಸ್ಟರಿಗೆ ಮೊದಲಿನ ತಪಸ್ಸು ಕಾಲದ ಉಪವಾಸದಲ್ಲಿ ಮಾಂಸದೊಡನೆ ಮೊಟ್ಟೆಯೂ ನಿಷಿದ್ಧವಾಗಿತ್ತು. ಕೋಳಿಗಳು ಇಡುವುದನ್ನು ನಿಲ್ಲಿಸುವುದಿಲ್ಲವಾದ್ದರಿಂದ ಕೂಡಿಬಿದ್ದ ಮೊಟ್ಟೆಗಳು ಹಬ್ಬದ ದಿನ ತಿನಿಸಾದವು, ಬಣ್ಣ ಹಚ್ಚಿದ ಉಡುಗೊರೆಯಾದವು. ಚಿಪ್ಪನ್ನು ಸಮಾಧಿಗೂ ಒಳಗಿನ ಜೀವವನ್ನು ಪುನರುತ್ಥಾನಕ್ಕೂ ಹೋಲಿಸುವ ವ್ಯಾಖ್ಯಾನವೂ ಇದೆ.

ಶುಭಾಶಯದ ಬಗ್ಗೆ ಕೇಳಿದ್ದು ಒಳ್ಳೆಯದಾಯಿತು. ಗುಡ್ ಫ್ರೈಡೇ ದಿನ ಶುಭಾಶಯ ಹೇಳಬೇಡಿ. ಅದು ಯೇಸುವಿನ ಮರಣದ ದಿನ, ಉಪವಾಸದ ದಿನ. ಶನಿವಾರ ರಾತ್ರಿಯ ಪೂಜೆಯ ಬಳಿಕ ಯಾವಾಗ ಬೇಕಾದರೂ ಹೇಳಬಹುದು. ಭಾನುವಾರ ತಪ್ಪಿಹೋದರೂ ಸಂಕೋಚ ಬೇಡ, ಏಕೆಂದರೆ ಧರ್ಮಸಭೆಯ ಲೆಕ್ಕದಲ್ಲಿ ಈಸ್ಟರಿನ ಸಂಭ್ರಮ ಪೆಂತಕೋಸ್ತ್ ಹಬ್ಬದವರೆಗೆ, ಅಂದರೆ 50 ದಿನಗಳ ಕಾಲ ಮುಂದುವರಿಯುತ್ತದೆ.