ವಿರುದ್ಧ ಸ್ವಭಾವದವಳು ಸಿಗುವ ತನಕ ಕಾಯಬೇಕಾ?

ನಿಮ್ಮ ಪ್ರಶ್ನೆ ಓದಿ, ಹಿಂದಿನ ನಾನೇ ಕೇಳಿದ ಹಾಗಾಯಿತು. ಇಬ್ಬರು ಹುಡುಗಿಯರ ಪ್ರೇಮದ ಕಾದಂಬರಿ, ಅದರಲ್ಲೂ ಒಬ್ಬಳು ಮಾತಿನಮಲ್ಲಿ, ಇನ್ನೊಬ್ಬಳು ಮೌನಿ ಅಂದರೆ ನಾನೂ ನಿದ್ದೆಗೆಟ್ಟು ಓದುತ್ತಿದ್ದೆ. ನಿಮಗೆ ಇಷ್ಟವಾದ ಹುಡುಗಿ ನಿಮ್ಮಂತೆಯೇ ಮಾತು ಕಡಿಮೆಯವಳು, ಜೊತೆಗಿದ್ದರೆ ಖುಷಿ, ಆದರೆ ಪುಸ್ತಕದಲ್ಲಿರುವ ಸೆಳೆತ ಇಲ್ಲ, ಕಾಯಲಾ ಅಂತ ಕೇಳಿದ್ದೀರಿ.

ನನಗೆ ಪುಸ್ತಕದಲ್ಲಿ ಇದ್ದಂಥವಳೇ ಸಿಕ್ಕಿದ್ದಳು. ಇಬ್ಬರಿಗೂ ಮಂಗಳೂರಿನಲ್ಲಿ ಕೆಲಸ. ಉಡುಪಿಯ ಎಕ್ಸ್‌ಪ್ರೆಸ್ ಬಸ್ಸು ಹತ್ತಿದರೆ ಸುರತ್ಕಲ್ ಬರುವಷ್ಟರಲ್ಲಿ ಪಕ್ಕದ ಸೀಟಿನ ಅಜ್ಜಿಯ ಮಂಡಿನೋವಿನ ಕಥೆ ಪೂರ್ತಿ ಅವಳಿಗೆ ಗೊತ್ತಿರುತ್ತಿತ್ತು. ನಾನು ಕಿಟಕಿ ಪಕ್ಕ ಪುಸ್ತಕ ಹಿಡಿದು ಕೂತಿರುತ್ತಿದ್ದೆ. ಹೋಟೆಲಿನಲ್ಲಿ ನಾನು ಯೋಚಿಸುವ ಮೊದಲೇ ಇಬ್ಬರಿಗೂ ಗೋಳಿಬಜೆ ಹೇಳಿಬಿಡುತ್ತಿದ್ದಳು. ಅಷ್ಟು ಸುಖವಾಗಿ ನಾನು ಬೇರೆ ಯಾವಾಗಲೂ ಇದ್ದಿಲ್ಲ.

ಆಮೇಲೆ ಅವಳಿಗೆ ಬೆಂಗಳೂರಿನಿಂದ ಕೆಲಸದ ಕರೆ ಬಂತು. ಸುಲ್ತಾನ್ ಬತ್ತೇರಿಯಲ್ಲಿ ತಣ್ಣೀರುಬಾವಿಯ ದೋಣಿಗೆ ಕಾಯುತ್ತಿದ್ದಾಗ, "ಎಂತ ಮಾಡುವುದು ಮಾರಾಯ್ತಿ, ಹೋಗ್ಲಾ?" ಅಂದಳು. "ನಿನ್ನಿಷ್ಟ" ಅಂದೆ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಆ ಕಾದಂಬರಿಗಳಲ್ಲಿ ಎಷ್ಟೋ ಸಲ ಒಂದು ಅಧ್ಯಾಯ ಇವಳದ್ದು, ಮುಂದಿನದು ಅವಳದ್ದು. ಮೌನಿ ಹುಡುಗಿ ಹೀಗೆ ಅಂದರೆ ಅವಳ ಮನಸ್ಸಿನಲ್ಲಿರುವುದು 'ಹೋಗಬೇಡ' ಅಂತ ಓದುವ ನಮಗೆ ಮೊದಲೇ ಗೊತ್ತಿರುತ್ತದೆ. ಅದಕ್ಕೇ ಅಲ್ಲಿ ಜಗಳವೂ ಹಿತ. ನಾನು ಎಷ್ಟು ಓದಿದ್ದೆ ಅಂದರೆ, ನನ್ನ ಅಧ್ಯಾಯವನ್ನು ಅವಳೂ ಓದಿರುತ್ತಾಳೆ ಅಂತಲೇ ನಂಬಿದ್ದೆ. ಮಾತು ಅವಳ ಪಾಲು, ಅರ್ಥ ಮಾಡಿಕೊಳ್ಳುವುದೂ ಅವಳ ಪಾಲು, ನಾನು ಸುಮ್ನೆ ಇದ್ದರೆ ಸಾಕು ಅಂತ. ನಾನು ಹಿಡಿದುಕೊಳ್ಳಲಿ ಅಂತಲೇ ಅವಳು ಕೇಳಿದ್ದಂತೆ. ನಾನು ಅಂದದ್ದು ಅವಳಿಗೆ 'ಹೋದರೂ ನನಗೇನಿಲ್ಲ' ಅಂತ ಕೇಳಿಸಿತು. ಬಹಳ ಕಾಲದ ಮೇಲೆ ಫೋನಿನಲ್ಲಿ ಹೇಳಿದಳು. ಅಷ್ಟರಲ್ಲಿ ಅವಳ ಬದುಕಿನಲ್ಲಿ ಬೇರೆಯವರು ಬಂದಾಗಿತ್ತು.

ಹಾಗಾಗಿ ನಿಮ್ಮ ಪ್ರಶ್ನೆಯ ಬುಡವನ್ನೇ ನಾನು ಒಪ್ಪುವುದಿಲ್ಲ. ನಮ್ಮನ್ನು ಆ ಪುಸ್ತಕಗಳು ಹಿಡಿದಿಡುವುದು ವಿರುದ್ಧ ಸ್ವಭಾವದಿಂದ ಅಲ್ಲ. ಗಂಡಸರನ್ನು ಪ್ರೀತಿಸುವ ಗಂಡಸಿನ ಕಥೆಗಳಿರುವ ವಸುಧೇಂದ್ರರ 'ಮೋಹನಸ್ವಾಮಿ' 2013ರಲ್ಲಿ ಬಂತು. ನನಗೆ ತುಂಬ ಹತ್ತಿರದ ಪುಸ್ತಕ, ಆದರೆ ಅಲ್ಲಿ ಬಚ್ಚಿಟ್ಟುಕೊಂಡು ಬದುಕುವ ನೋವೇ ಜಾಸ್ತಿ. 2020ರ ಇಂಗ್ಲಿಷ್ ಕಾದಂಬರಿ 'ರಿಟನ್ ಇನ್ ದ ಸ್ಟಾರ್ಸ್' ನೋಡಿ, ಇಬ್ಬರು ಹುಡುಗಿಯರ ಪ್ರೇಮದ್ದೇ. ಒಬ್ಬಳಿಗೆ ಜ್ಯೋತಿಷ್ಯವೇ ಉದ್ಯೋಗ, ಇನ್ನೊಬ್ಬಳು ವಿಮೆಯ ಲೆಕ್ಕಾಚಾರದವಳು, ಗ್ರಹ ನಕ್ಷತ್ರ ನಂಬುವುದಿಲ್ಲ. ಇಬ್ಬರೂ ಹೆಣ್ಣು ಅನ್ನುವುದು ಅವರ ನಡುವಿನ ತಕರಾರೇ ಅಲ್ಲ. ಗಂಡು ಹೆಣ್ಣಿನ ಕಥೆಯಲ್ಲಾದರೆ ಗತ್ತು ಅವನಿಗೆ, ನಾಚಿಕೆ ಇವಳಿಗೆ ಅಂತ ಎಷ್ಟೋ ಸಲ ಮೊದಲೇ ಹಂಚಿಟ್ಟಿರುತ್ತಾರೆ. ಇಲ್ಲಿ ಯಾರು ಮೊದಲು ಪ್ರೀತಿ ಹೇಳಬೇಕು ಅನ್ನುವುದೂ ಅವರೇ ಕಂಡುಕೊಳ್ಳಬೇಕು. ಸುಪ್ರೀಂ ಕೋರ್ಟ್ 2018ರಲ್ಲೇ ನಮ್ಮ ಪ್ರೀತಿ ಅಪರಾಧವಲ್ಲ ಅಂದಿತು. ಆದರೂ ಮನೆಯಲ್ಲಿ ಜಾತಕ ಹಿಡಿದು ಗಂಡು ಹುಡುಕುತ್ತಿರುತ್ತಾರೆ. ಅಂಥ ಮನೆಯಲ್ಲಿ ಕೂತು ಓದುವಾಗ, ಬರೀ ಸ್ವಭಾವಕ್ಕಾಗಿ ಜಗಳವಾಡುವ ಇಬ್ಬರನ್ನು ನೋಡುವುದೇ ದೊಡ್ಡ ಸಮಾಧಾನ, ಅಲ್ವಾ?

ಕಾಯಬೇಡಿ. ನೀವಿಬ್ಬರೂ ಮಾತು ಕಡಿಮೆಯವರು, ಒಬ್ಬರಾದರೂ ಬಾಯಿ ಬಿಡಲೇಬೇಕು, ಅದು ನೀವೇ ಆಗಿ. ಎದುರಿಗೆ ಹೇಳಲು ಕಷ್ಟವಾದರೆ ವಾಟ್ಸಾಪ್‌ನಲ್ಲಿ ಬರೆಯಿರಿ. ಇಬ್ಬರಲ್ಲಿ ಯಾರ ಮನೆಯವರಿಗಾದರೂ ಫೋನ್ ನೋಡುವ ಅಭ್ಯಾಸವಿದ್ದರೆ ಅದು ಬೇಡ, ಮಲ್ಪೆಗೆ ಕರೆದುಕೊಂಡು ಹೋಗಿ ಹೇಳಿ.