ಏನಿಲ್ಲ ಅಂತ ಹೇಳಿದ್ದು ನಾನೇ ಮೇಡಂ

ನಾನು ಕೌನ್ಸೆಲರ್. ಮೊದಲ ಸಲ ಫಾರಿನ್ನಿಗೆ ಹೋಗಿ ಏರ್‌ಪೋರ್ಟಿನಲ್ಲಿ ಸಿಕ್ಕಿಬಿದ್ದ ವಿಷಯ ತಕೊಂಡು ವರ್ಷಕ್ಕೆ ನಾಲ್ಕೈದು ಜನ ಆದ್ರೂ ನನ್ನ ಹತ್ರ ಬರ್ತಾರೆ, ಅದಕ್ಕೇ ಬರೀಲೇಬೇಕು ಅನ್ನಿಸ್ತು. ಬರುವಾಗ ಯಾರೂ ಫಾರಿನ್ನಿಗೆ ಹೋಗಿ ಬಂದ ವಿಷಯ ಅಂತ ಹೇಳುದಿಲ್ಲ. ನಿದ್ರೆ ಇಲ್ಲ, ಬಿಪಿ ಏರಿದೆ, ಮಗಳ ಹತ್ರ ಮಾತು ಕಮ್ಮಿ ಆಗಿದೆ ಅಂತ ಶುರು ಆಗ್ತದೆ. ಮಾತಾಡ್ತಾ ಮಾತಾಡ್ತಾ ಹೋದ್ರೆ ಕೊನೆಗೆ ಎಲ್ಲೋ ಒಂದು ಏರ್‌ಪೋರ್ಟು, ಒಂದು ಕೌಂಟರು, ಹತ್ತು ಜನರ ಎದುರು ಬಿಡಿಸಿಟ್ಟ ಒಂದು ಬ್ಯಾಗು. ನಮ್ಮ ಮಂಗಳೂರು ಉಡುಪಿ ಕಡೆ ಎಷ್ಟೋ ಮನೆಯಲ್ಲಿ ಒಬ್ಬರಾದ್ರೂ ಹೊರಗೆ ಇದ್ದಾರೆ, ಬಜಪೆಯಿಂದ ವಿಮಾನ ಹತ್ತುದು ಈಗ ದೊಡ್ಡ ವಿಷಯವೇ ಅಲ್ಲ ಅಂತ ಎಲ್ಲರೂ ಹೇಳ್ತಾರೆ, ಹಾಗಾಗಿ ಮೊದಲ ಸಲ ಹೋಗುವವರ ಮಂಡೆಬಿಸಿ ಯಾರೂ ಕೇಳುದೇ ಇಲ್ಲ.

ಅಂಥವರಲ್ಲಿ ಒಬ್ಬರು ಅಮ್ಮನ ವಿಷಯ ಹೇಳ್ತೇನೆ. ಅವರ ಗುರ್ತ ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಅವರು ಒಪ್ಪಿದ ಮೇಲೆಯೇ ಬರ್ದದ್ದು.

ಅರುವತ್ತರ ಆಸುಪಾಸಿನವರು, ಕಟಪಾಡಿ ಆಚೀಚೆ. ಹಾಲಿನ ಸೊಸೈಟಿಯಲ್ಲಿ 27 ವರ್ಷ ಲೆಕ್ಕ ಬರ್ದವರು. ಮಗಳ ಬಾಣಂತನಕ್ಕೆ ಮೆಲ್ಬರ್ನಿಗೆ ಹೋಗಿ ಬಂದಿದ್ರು. ಈಗ ಮಗಳಿಗೆ ಎರಡನೇದ್ದು, ಅಮ್ಮ ಬಾ ಅಂತ ಕರೀತಾ ಇದ್ದಾಳೆ, ಇವರು ಮೊಣಕಾಲು ನೋವು ಅಂತ ತಪ್ಪಿಸ್ತಾ ಇದ್ದಾರೆ. ಅಮ್ಮನಿಗೆ ನನ್ನ ಮೇಲೆ ಏನೋ ಸಿಟ್ಟುಂಟು ಅಂತ ಮಗಳು ಅಲ್ಲಿ ಅಳುದು, ಇವರು ಇಲ್ಲಿ ರಾತ್ರಿ ಎರಡು ಗಂಟೆಗೆ ಎದ್ದು ಕೂತ್ಕೊಳ್ಳುದು. ಕರ್ಕೊಂಡು ಬಂದದ್ದು ಮಗ.

ಮೊದಲ ಮೂರು ಸಲ ಬಂದಾಗ ಅವರು ಹೇಳಿದ್ದು ಇಷ್ಟೇ. ವಿಮಾನದಲ್ಲಿ ಒಂದು ಕಾರ್ಡು ಕೊಟ್ರು, ತಿಂಡಿ, ಬೀಜ, ಔಷಧಿ ಎಲ್ಲ ತಂದಿದ್ದೀರಾ ಅಂತ ಕೇಳುವಂಥದ್ದು, ಎಲ್ಲ ಇಂಗ್ಲಿಷು, ಪಕ್ಕದ ಸೀಟಿನಲ್ಲಿ ಓದ್ಲಿಕ್ಕೆ ಹೋಗುವ ನಮ್ಮ ಊರಿನ ಕಡೆಯ ಹುಡುಗ ಒಬ್ಬ ಇದ್ದ, ಅವನೇ ತುಂಬಿಸಿ ಕೊಟ್ಟ, ಎಲ್ಲದಕ್ಕೂ ಇಲ್ಲ ಅಂತ ಗುರ್ತು ಹಾಕಿದ್ದ, ಇವರು ಸಹಿ ಮಾಡಿದ್ರು. ಇಳಿದ ಮೇಲೆ ಬ್ಯಾಗು ಬಿಡಿಸಿದ್ರೆ ತುಪ್ಪ, ಬಾಣಂತಿ ಲೇಹ, ಒಣ ಮೀನು, ಮೆಂತೆ, ಮತ್ತೆ ಕರ್ಚೀಫಿನ ತುದಿಯಲ್ಲಿ ಗಂಟು ಕಟ್ಟಿದ ಮಟ್ಟುಗುಳ್ಳದ, ಅಂದ್ರೆ ನಮ್ಮ ಉಡುಪಿ ಕಡೆಯ ಬದನೆಯ, ಬೀಜ. ಮಗಳ ಹಿತ್ತಿಲಲ್ಲಿ ಹಾಕ್ಲಿಕ್ಕೆ ಅಂತ ಮನೆಯದ್ದೇ ಗುಳ್ಳ ಹಣ್ಣಾಗ್ಲಿಕ್ಕೆ ಬಿಟ್ಟು, ಬೀಜ ತೆಗೆದು, ಬೂದಿಯಲ್ಲಿ ಹೊರಳಿಸಿ ಒಣಗಿಸಿದ್ದು. ದಂಡ ಬಿತ್ತು. ಮಗಳು ಹೊಟ್ಟೆ ಹೊತ್ಕೊಂಡು ಹೊರಗೆ ಎರಡು ಗಂಟೆ ಕಾದ್ಳು. ದಂಡ ಕಟ್ಟಿದ್ದು ಅಳಿಯ, ಪರ್ವಾಗಿಲ್ಲ ಅತ್ತೆ ಅಂತ ಹೇಳಿದ್ರಂತೆ, ಆ ಪರ್ವಾಗಿಲ್ಲ ಇವರಿಗೆ ಇನ್ನೂ ಚುಚ್ತಾ ಉಂಟು.

ನಾನು ಆಗ ತಿಳ್ಕೊಂಡದ್ದು ಇದು ಬರೀ ಅವಮಾನದ ವಿಷಯ ಅಂತ. ಹಾಗಾಗಿ ಮೂರು ಸಲವೂ ಅದರ ಮೇಲೆಯೇ ಕೆಲಸ ಮಾಡಿದೆ, ಏನೂ ಮುಂದೆ ಹೋಗ್ಲಿಲ್ಲ.

ನಾಲ್ಕನೇ ಸಲ ಬಂದ ದಿನ ಜೋರು ಮಳೆ. ಅವರು ಬಸ್ಸಿಂದ ಇಳಿದು ಬರುವಾಗ ಸೀರೆಯ ಅಂಚು ಎಲ್ಲ ಚಂಡಿ ಆಗಿತ್ತು, ಕೂತವರು ಅಂಚನ್ನು ಹಿಂಡ್ತಾ ಇದ್ರು. ನಾನು ಏನೂ ಯೋಚನೆ ಮಾಡದೆ ಕೇಳಿದ ಪ್ರಶ್ನೆ ಅದು. "ಅಮ್ಮ, ಆ ಹುಡುಗ ತುಂಬಿಸುವಾಗ ನಿಮ್ಮ ಹತ್ರ ಏನೂ ಕೇಳ್ಲೇ ಇಲ್ವಾ?"

ಹಿಂಡುದು ನಿಂತಿತು. ತುಂಬ ಹೊತ್ತು ಮಾತಿಲ್ಲ. ಆಮೇಲೆ ಕೈಯಲ್ಲಿದ್ದ ಸೆರಗನ್ನೇ ನೋಡ್ತಾ ಹೇಳಿದ್ರು, "ಕೇಳಿದ. ಆಂಟಿ ತಿಂಡಿ ಗಿಂಡಿ, ಬೀಜ, ಎಂತಾದ್ರೂ ಉಂಟಾ ಅಂತ ಎರಡೆರಡು ಸಲ ಕೇಳಿದ. ಏನಿಲ್ಲ ಅಂತ ಹೇಳಿದ್ದು ನಾನೇ ಮೇಡಂ."

ಅದನ್ನ ಎರಡು ವರ್ಷದಲ್ಲಿ ಯಾರ ಹತ್ರವೂ ಹೇಳಿರ್ಲಿಲ್ಲ. ಕೌಂಟರಿನಲ್ಲಿ ಆ ಆಫೀಸರ್ ಹುಡುಗಿ ಕಾರ್ಡು ತೋರಿಸಿ ಇದು ನಿಮ್ಮ ಸಹಿಯಾ ಅಂತ ಕೇಳಿದ್ಳಂತೆ. ಸಹಿ ನಂದು, ತುಂಬಿಸಿದ್ದು ನಾನಲ್ಲ ಅಂತ ಬಾಯಿಗೆ ಬಂದದ್ದು ಹೇಳಿಬಿಟ್ರು. ಹೊರಗೆ ಬಂದು ಮಗಳಿಗೂ ಅದನ್ನೇ ಹೇಳಿದ್ರು. ಮಗಳು ಸಿಟ್ಟಲ್ಲಿ ಆ ಹುಡುಗನ ನಂಬರ್ ಹುಡುಕಿ ಬಾಯಿಗೆ ಬಂದ ಹಾಗೆ ಬೈದ್ಳು. ಅವನು ಸಾರಿ ಅಕ್ಕ ಅಂತ ಒಂದೇ ಮಾತು ಬರ್ದನಂತೆ, ಇವರು ಹೇಳಿದ್ದು ಸುಳ್ಳು ಅಂತ ಅವನು ಹೇಳ್ಲಿಲ್ಲ. "ನನ್ನ ಮರ್ಯಾದೆ ಅವ ಉಳಿಸಿದ. ಸೊಸೈಟಿಯಲ್ಲಿ 27 ವರ್ಷ ನನ್ನ ಸಹಿ ಕಂಡ ಮೇಲೆ ಯಾರೂ ಎರಡನೇ ಮಾತು ಕೇಳ್ಲಿಲ್ಲ ಮೇಡಂ, ಅಲ್ಲಿ ಆ ಸಹಿ ಸುಳ್ಳಿನ ಅಡಿಯಲ್ಲಿ ಬಿತ್ತು" ಅಂತ ಹೇಳಿ ಅತ್ರು.

ಯಾಕೆ ಇಲ್ಲ ಅಂದ್ರಿ ಅಂತ ಕೇಳಿದೆ. ಉಂಟು ಅಂದ್ರೆ ಬೀಜ ತೆಗೀತಾರೆ, ಜೈಲಿಗೆ ಹಾಕ್ತಾರೋ ಏನೋ, ಜೊತೆಗೆ ಆ ಹುಡುಗನನ್ನೂ ಹಿಡಿದು ನಿಲ್ಲಿಸ್ತಾರೋ ಏನೋ ಅಂತ ಹೆದರಿಕೆ. ಹೆದರಿಕೆಯಲ್ಲಿ ಬಂದ ಸುಳ್ಳು.

ಇಲ್ಲಿ ನಾನು ಮಾಡಿದ್ದನ್ನ ಒಬ್ರು ಹಿರಿಯ ಸಹೋದ್ಯೋಗಿ ಒಪ್ಪಲಿಲ್ಲ. ಕೌನ್ಸೆಲರ್ ಆದವರು ಹೀಗೆ ಮಾಡಿ ಅಂತ ಹೇಳ್ಬಾರ್ದು, ಬಂದವರೇ ದಾರಿ ಕಂಡ್ಕೊಳ್ಬೇಕು ಅಂತ ನಮಗೆ ಪಾಠ ಉಂಟು, ನಾನೂ ಅದನ್ನ ಗೌರವಿಸ್ತೇನೆ. ಆದ್ರೆ ಆ ಕಾರ್ಡು ಏನು ಕೇಳ್ತದೆ ಅಂತಲೇ ಗೊತ್ತಿಲ್ಲದವರು ದಾರಿ ಎಲ್ಲಿಂದ ಹುಡುಕುದು? ಇನ್ನೊಂದು, ಮನೆಯವರೆಲ್ಲ ಅವರಿಗೆ ಹೇಳಿದ್ದು ಸಣ್ಣ ವಿಷಯ ಮರ್ತುಬಿಡಿ ಅಂತಲೇ. ಅವರು ನಿಜವಾಗಿ ಸುಳ್ಳು ಹೇಳಿದ್ರು, ಅದು ಅವರಿಗೆ ಗೊತ್ತು, ಅದನ್ನ ಸಣ್ಣದು ಅಂತ ಹೇಳಿದ್ರೆ ಅವರನ್ನ ಆ ಭಾರದ ಜೊತೆ ಒಬ್ಬರೇ ಬಿಟ್ಟ ಹಾಗೆ ಆಗ್ತದೆ. ನಾನು ಹಾಗೆ ಬಿಡ್ಲಿಕ್ಕೆ ತಯಾರಿರ್ಲಿಲ್ಲ. ಹಾಗಾಗಿ ನೇರವಾಗಿ ಹೇಳಿದೆ. ಮಗಳಿಗೆ ನಿಜ ಹೇಳಿ. ಹುಡುಗನ ಹತ್ರ ಕ್ಷಮೆ ಕೇಳಿ. ಬಾಣಂತನಕ್ಕೆ ಹೋಗಿ, ಈ ಸಲ ಕಾರ್ಡು ನೀವೇ ತುಂಬಿಸಿ.

ಮತ್ತೆ ಆ ದೇಶದ ನಿಯಮ ಅವರಿಗೆ ಅರ್ಥ ಆಗುವ ಹಾಗೆ ಬಿಡಿಸಿ ಹೇಳಿದೆ, ಯಾಕಂದ್ರೆ ಕಾರಣ ಗೊತ್ತಾಗದೆ ಹೆದರಿಕೆ ಹೋಗುದಿಲ್ಲ. ಆಸ್ಟ್ರೇಲಿಯಾ ಸುತ್ತ ಸಮುದ್ರ ಇರುವ ದೇಶ, ದನಗಳ ಕಾಲುಬಾಯಿ ರೋಗ ಅಲ್ಲಿ 1872ರ ನಂತರ ಬಂದೇ ಇಲ್ಲ, ನಮ್ಮಲ್ಲಿ ಇನ್ನೂ ಉಂಟು, ಹಾಗಾಗಿ ಹಾಲು ತುಪ್ಪ ಮಾಂಸ ಅಂದ್ರೆ ಅವರಿಗೆ ಹೆದರಿಕೆ. ಬೀಜ, ಗಿಡ, ಹಣ್ಣಿನ ಜೊತೆ ಹುಳ ರೋಗ ಬಂದು ಬೆಳೆ ಹೋಗ್ತದೆ ಅಂತ ಹೆದರಿಕೆ. ಇಷ್ಟು ಹೇಳುವಾಗ ಸೊಸೈಟಿಯ ಅಮ್ಮ ತಲೆ ಎತ್ತಿ ನೋಡಿದ್ರು. ಕಾಲುಬಾಯಿ ರೋಗ ಬಂದ ವರ್ಷ ಸೊಸೈಟಿಗೆ ಬರುವ ಹಾಲು ಹೇಗೆ ಇಳೀತು ಅಂತ ಅವರಿಗೆ ನನಗಿಂತ ಚೆನ್ನಾಗಿ ಗೊತ್ತು, ಹತ್ತು ನಿಮಿಷ ಅವರೇ ನಂಗೆ ವಿವರಿಸಿದ್ರು. ಅಲ್ಲಿಂದ ಮುಂದೆ ಮಾತು ಸಲೀಸಾಯ್ತು.

ಮುಖ್ಯ ಸಂಗತಿ ಏನು ಅಂದ್ರೆ, ಉಂಟು ಅಂತ ಬರೆಯುದು ತಪ್ಪು ಒಪ್ಪಿಕೊಂಡ ಹಾಗೆ ಅಲ್ಲ. ಬರ್ದು ತೋರಿಸಿದ್ರೆ, ಅದು ತರಬಾರದ ವಸ್ತುವೇ ಆದ್ರೂ ದಂಡ ಇಲ್ಲ, ನೋಡ್ತಾರೆ, ಬಿಡುವಂಥದ್ದು ಬಿಡ್ತಾರೆ, ಬೇಡದ್ದು ತೆಗೆದಿಡ್ತಾರೆ. ಬರೆಯದೆ ಸಿಕ್ಕಿದ್ರೆ ಮಾತ್ರ ಸಾವಿರಾರು ಡಾಲರ್‌ವರೆಗೂ ದಂಡ ಹಾಕ್ಬಹುದು, 2019ರಿಂದ ಪ್ರವಾಸಿಗಳ ವೀಸಾವನ್ನೂ ಅಲ್ಲೇ ರದ್ದು ಮಾಡುವ ಅಧಿಕಾರ ಉಂಟು. ಸಂಶಯ ಬಂದದ್ದಕ್ಕೆಲ್ಲ ಹೌದು ಅಂತ ಹಾಕ್ಬೇಕು. ಬಿಪಿ ಮಾತ್ರೆಗೂ ಸಹ, ಔಷಧಿ ಅಂತ ಆ ಕಾರ್ಡಿನಲ್ಲೇ ಉಂಟು. ಇಂಗ್ಲಿಷ್ ಬರದಿದ್ರೆ ಕಾರ್ಡನ್ನ ಕೌಂಟರಿನವರ ಕೈಗೆ ಕೊಟ್ಟು ಬ್ಯಾಗಿನ ಕಡೆ ಕೈ ತೋರಿಸಿ "ಫುಡ್, ಮೆಡಿಸಿನ್" ಅಂದ್ರೂ ಸಾಕು.

ಓದುವವರಿಗೆ ಹೇಳುದು. ನಾನು ಕಂಡ ಹಾಗೆ ಮೊದಲ ಸಲ ಹೋಗುವವರ ತೊಂದರೆ ಗೊತ್ತಿಲ್ಲದ್ದರಿಂದ ಅಲ್ಲ, ಕೇಳ್ಲಿಕ್ಕೆ ನಾಚಿಕೆ ಆಗುದ್ರಿಂದ. ಇಷ್ಟು ವಯಸ್ಸಾಗಿ ಇದೂ ಗೊತ್ತಿಲ್ವಾ ಅಂತ ಯಾರಾದ್ರೂ ಅಂದ್ರೆ ಅಂತ. ಮಕ್ಕಳೇ, ಟಿಕೆಟ್ ಕಳಿಸಿದ್ರೆ ಮುಗೀಲಿಲ್ಲ, ಹೋಗುವ ವಾರ ವಿಡಿಯೋ ಕಾಲಿನಲ್ಲಿ ಬ್ಯಾಗಿನ ಒಂದೊಂದು ಪೊಟ್ಟಣ ಬಿಡಿಸಿ ತೋರಿಸ್ಲಿಕ್ಕೆ ಹೇಳಿ, ಬೈಬೇಡಿ. ದುಬೈ ಕಡೆ ಹೋಗುವವರ ಬ್ಯಾಗಿನಲ್ಲಿ ಗಸಗಸೆ ಒಂದು ಕಾಳೂ ಇರ್ಬಾರ್ದು, ನಮಗೆ ಅದು ಪಾಯಸದ ಸಾಮಾನು, ಅಲ್ಲಿ ಅದು ಮಾದಕ ವಸ್ತುವಿನ ಲೆಕ್ಕ, ಮಸಾಲೆ ಹುಡಿಯಲ್ಲಿ ಇದ್ದರೂ ಅಪಾಯ. ಕೆಮ್ಮಿನ ಸಿರಪ್ಪಿನಲ್ಲಿ ಕೊಡೀನ್ ಉಂಟಾ, ನೋವಿನ ಮಾತ್ರೆಯಲ್ಲಿ ಟ್ರಮಡಾಲ್ ಉಂಟಾ ನೋಡಿ, ಅಲ್ಲಿಗೆ ಅವು ಮೊದಲೇ ಅನುಮತಿ ಇಲ್ಲದೆ ಆಗುದಿಲ್ಲ. ಸಿಂಗಾಪುರಕ್ಕೆ ಚೂಯಿಂಗ್ ಗಮ್, ಜಗಿಯುವ ತಂಬಾಕು ಬೇಡ. ಪವರ್ ಬ್ಯಾಂಕ್ ಕೈಬ್ಯಾಗಿನಲ್ಲೇ ಇರ್ಬೇಕು, ಒಣ ಕೊಬ್ಬರಿ ದೊಡ್ಡ ಬ್ಯಾಗಿಗೆ ಹಾಕ್ಬೇಡಿ, ಅದರ ಎಣ್ಣೆಗೆ ತನ್ನಷ್ಟಕ್ಕೆ ಬಿಸಿಯಾಗಿ ಬೆಂಕಿ ಹಿಡಿಯುವ ಗುಣ ಉಂಟು. ಪಾಸ್‌ಪೋರ್ಟಿನ ಅವಧಿ ಆರು ತಿಂಗಳಾದ್ರೂ ಉಳಿದಿರ್ಲಿ. ಅಲ್ಲಿಯ ಅಂಗಡಿಯಲ್ಲಿ ಬ್ಯಾಂಕಿನ ಕಾರ್ಡು ಉಜ್ಜುವಾಗ ರೂಪಾಯಿಯಲ್ಲಾ ಅಲ್ಲಿಯ ಹಣದಲ್ಲಾ ಅಂತ ಮಿಷನ್ ಕೇಳಿದ್ರೆ ಅಲ್ಲಿಯ ಹಣ ಅಂತಲೇ ಒತ್ತಿ, ರೂಪಾಯಿ ಅಂದ್ರೆ ಹೆಚ್ಚಾಗಿ ಕೈ ಕಚ್ತದೆ.

ಮತ್ತೆ ಪಾರ್ಸೆಲ್. ಇದನ್ನ ನಾನು ಕೈ ಮುಗಿದು ಹೇಳ್ತೇನೆ. ನೀವು ಹೋಗ್ತೀರಿ ಅಂತ ಗೊತ್ತಾದ ಕೂಡ್ಲೇ ಪಕ್ಕದ ಮನೆಯವರು, ನೆಂಟರು, ನನ್ನ ಮಗನಿಗೆ ಇದೊಂದು ಪೊಟ್ಟಣ ಕೊಡಿ ಅಂತ ಬರ್ತಾರೆ, ಆಗುದಿಲ್ಲ ಅಂದ್ರೆ ಬೇಜಾರ್ ಮಾಡ್ಕೊಳ್ತಾರೆ ಅಂತ ನಾವು ತಕೊಳ್ತೇವೆ. ನಿಮ್ಮ ಎದುರು ಬಿಡಿಸಿ ತೋರಿಸದ ಒಂದು ಪೊಟ್ಟಣವೂ ಬೇಡ. ಒಳಗೆ ಏನೇ ಇದ್ದರೂ ಅಲ್ಲಿ ಉತ್ತರ ಕೊಡ್ಬೇಕಾದ್ದು ಬ್ಯಾಗು ಯಾರದ್ದೋ ಅವರು. ಅವರ ಬೇಜಾರು ನಾಲ್ಕು ದಿನದ್ದು.

ಆ ಅಮ್ಮನ ವಿಷಯಕ್ಕೆ ಬರ್ತೇನೆ. ಮಗಳಿಗೆ ನಿಜ ಹೇಳ್ಲಿಕ್ಕೆ ಮೂರು ವಾರ ತಕೊಂಡ್ರು. ಮಗಳು ಮೊದಲು ಸುಮ್ಮನಾದ್ಳಂತೆ, ಮತ್ತೆ ಹಾಗಾದ್ರೆ ನಾನು ಅವನಿಗೆ ಬೈದದ್ದು ಅಂತ ಅತ್ತಳಂತೆ. ಹುಡುಗನ ಹಳೆ ನಂಬರ್ ಚಾಲ್ತಿಯಲ್ಲಿ ಇರ್ಲಿಲ್ಲ, ಇಬ್ರೂ ಇನ್ನೂ ಹುಡುಕ್ತಾ ಇದ್ದಾರೆ. ಅದು ಬಾಕಿ ಉಳಿದದ್ದು ನಂಗೂ ಬೇಸರವೇ.

ಹೊರಡುವ ಮೊದಲು ಆ ಕಾರ್ಡಿನ ನಮೂನೆ ಪ್ರಿಂಟ್ ತೆಗೆದು ಇಬ್ರೂ ಕೂತು ತುಂಬಿಸಿದೆವು. ಸೊಸೈಟಿಯ ಲೆಡ್ಜರು ಬರ್ದ ಕೈ, ಒಂದೊಂದು ಅಕ್ಷರ ಬಿಡಿಬಿಡಿಯಾಗಿ, ಡಬ್ಬಿಯ ಗೆರೆ ಮುಟ್ಟದ ಹಾಗೆ. ಮೊದಲ ಹೌದು ಹಾಕುವಾಗ ಪೆನ್ನು ಸ್ವಲ್ಪ ಹೊತ್ತು ಕಾಗದದ ಮೇಲೆಯೇ ನಿಂತಿತು, ನಾನು ಮಾತಾಡ್ಲಿಲ್ಲ. ಆಮೇಲೆ ಉಳಿದದ್ದು ಸರಸರ ಹಾಕಿದ್ರು. ಸಹಿ ಮಾಡಿ ಕಾಗದವನ್ನ ನನ್ನ ಕಡೆ ತಿರುಗಿಸಿ ಸರೀ ಉಂಟಾ ನೋಡಿ ಅಂದ್ರು.

ಮೆಲ್ಬರ್ನಿಂದ ಫೋನ್ ಮಾಡಿದ್ರು. ಹಪ್ಪಳ, ಹುಡಿಗಳನ್ನೆಲ್ಲ ಮೇಜಿನ ಮೇಲೆ ಇಟ್ಟು ನೋಡಿದ್ರಂತೆ, ಒಂದು ಪೊಟ್ಟಣ ತೆಗೆದಿಟ್ಟು ಉಳಿದದ್ದು ಕೊಟ್ಟು ಕಳಿಸಿದ್ರಂತೆ, ಅರ್ಧ ಗಂಟೆಯೂ ಆಗ್ಲಿಲ್ಲ. ಗುಳ್ಳದ ಬೀಜ ಈ ಸಲ ಮನೆಯಲ್ಲೇ ಬಿಟ್ಟು ಹೋಗಿದ್ರು. ಮಗಳು ಅಲ್ಲಿಯ ಬದನೆ ತಂದು ಕೊದ್ದೆಲ್ ಸಾರು ಮಾಡ್ತಾಳೆ, ನಮ್ಮ ಗುಳ್ಳದ ರುಚಿ ಅದಕ್ಕೆ ಎಲ್ಲಿಂದ ಬರ್ಬೇಕು ಮೇಡಂ ಅಂದ್ರು, ಅಷ್ಟರಲ್ಲಿ ಹಿಂದೆ ಮಗು ಅತ್ತದ್ದು ಕೇಳಿ ಫೋನ್ ಇಟ್ರು.